ರೆಕ್ಕೆ ಕುರ್ಚಿಯ ಮಾತು

ಈ ಊರಿಗೆ ಬಂದ ಮೊದಲ ದಿನ ಚಹಾದಂಗಡಿಯವನನ್ನು ನಿಲ್ಲಿಸಿ ಮಾನಪ್ಪ ಬಡಿಗೇರರ ಮನೆ ಎಲ್ಲಿ ಎಂದು ಕೇಳಿದೆ. ಅವನು ನನ್ನನ್ನು ಪ್ರೀತಿಯಿಂದ ನೋಡಿ, "ಕೂಸಿಗೆ ಹಲ್ಲು ಬಂದುವೇನು?" ಎಂದ. ನನಗೆ ಆಗಿನ್ನೂ ಮದುವೆಯೇ ಆಗಿರಲಿಲ್ಲ. ಕಿವಿ ಮಂದ ಇರಬೇಕೆಂದು ಎರಡನೇ ಸಲ ಜೋರಾಗಿ ಕೇಳಿದೆ. "ಎಮ್ಮಿ ಹೊಡಕೊಂಡು ಬಾ, ಹೊತ್ತಾತು" ಎಂದ. ನಾನು ಬೆಪ್ಪಾಗಿ ನಿಂತಿದ್ದಾಗ ಅವನ ಕಣ್ಣು ನನ್ನ ಚೀಲದಿಂದ ಹೊರಗೆ ಚಾಚಿದ್ದ ಗರಗಸದ ಹಿಡಿಯ ಮೇಲೆ ಬಿತ್ತು. ನಕ್ಕು, ಎರಡೂ ಅಂಗೈಗಳನ್ನು ಕೆನ್ನೆಯ ಅಕ್ಕಪಕ್ಕ ಗೋಡೆಯಂತೆ ನಿಲ್ಲಿಸಿ ತೋರಿಸಿದ. ಆಮೇಲೆ ಬೇವಿನ ಮರದ ಓಣಿಯ ಕಡೆ ಬೆರಳು ಮಾಡಿದ. ಕೆನ್ನೆಯ ಪಕ್ಕದ ಆ ಗೋಡೆ ಏನೆಂದು ತಿಳಿಯದೆ, ಬೆರಳನ್ನಷ್ಟೇ ನಂಬಿ ನಡೆದೆ.

ನನ್ನ ಹೆಸರು ಗುರುನಾಥ. ನಮ್ಮೂರಿನಲ್ಲಿ ಬಾಗಿಲು, ಕಿಟಕಿ, ತೊಟ್ಟಿಲು ಮಾಡಿಕೊಂಡಿದ್ದವನು. ಮಾನಪ್ಪನವರು ದೂರದ ಸಂಬಂಧಿಕರು. ಉಳಿ ಹಿಡಿಯಲು ಬರುವ ಒಬ್ಬ ಬೇಕಾಗಿದ್ದಾನೆ ಎಂದು ಅವರು ಯಾರ ಕೈಯಲ್ಲೋ ಹೇಳಿ ಕಳಿಸಿದ್ದರು. ಅದರ ಜೊತೆಗೆ ಇನ್ನೇನು ಹೇಳಿ ಕಳಿಸಿದ್ದರೋ, ಅದು ಊರು ದಾಟುವ ಮೊದಲೇ ಉದುರಿ ಹೋಗಿತ್ತು.

ಈ ಊರಿನ ಗಾಳಿ ಮಾತನ್ನು ಎತ್ತಿಕೊಂಡು ಹೋಗುತ್ತದೆ. ಬಾವಿಯ ಹತ್ತಿರ ಆಡಿದ್ದು ಗಿರಣಿಯ ಹತ್ತಿರ ಕೇಳಿಸುತ್ತದೆ. ಎದುರಿಗಿದ್ದವರ ತುಟಿ ಅಲ್ಲಾಡುತ್ತದೆ, ದನಿಯೂ ಅವರದೇ, ಆದರೆ ಕಿವಿಗೆ ಬೀಳುವುದು ಬೇರೆ ಓಣಿಯವರ ಮಾತು. ಕೆಲವು ಸಲ ಅವರ ಮಾತೇ ನೆಟ್ಟಗೆ ಬಂದು ಮುಟ್ಟುವುದೂ ಉಂಟು. ಯಾವಾಗ ಹಾಗೆ, ಯಾವಾಗ ಹೀಗೆ ಎಂದು ಹೇಳಬಲ್ಲವರು ಯಾರೂ ಇಲ್ಲ. ಬಾಗಿಲು ಮುಚ್ಚಿದರೂ ಗಾಳಿ ಹೆಂಚಿನ ಸಂದಿಯಿಂದ ಇಳಿಯುತ್ತದೆ. ಊರಿನವರು ಅದರ ಬಗ್ಗೆ ತಲೆ ಕೆಡಿಸಿಕೊಂಡವರಲ್ಲ. ಸಂತೆಯಲ್ಲಿ ಬದನೆಕಾಯಿ ಎತ್ತಿ ತೋರಿಸುತ್ತಾರೆ, ಬೆರಳು ಮಡಿಸುತ್ತಾರೆ, ತಲೆ ಅಲ್ಲಾಡಿಸುತ್ತಾರೆ, ವ್ಯಾಪಾರ ಮುಗಿಯಿತು. ಸೊಸೆ ಅಡುಗೆಮನೆಯಿಂದ ಸೌಟು ಬಡಿದರೆ ಊಟಕ್ಕೆ ಏಳಬೇಕು. ಬೇರೆ ಕಡೆ ಒಬ್ಬ ಇನ್ನೊಬ್ಬನ ಮೇಲೆ ಕೈ ಮಾಡಿದ ಎಂದರೆ ಪಂಚಾಯಿತಿ ಸೇರುತ್ತದೆ. ಇಲ್ಲಿ ಕೈ ಮಾಡುವುದೆಂದರೆ ಕ್ಷೇಮ ಸಮಾಚಾರ ಕೇಳುವುದು. ಹಾಗಂತ ಜನ ಬಾಯಿ ಮುಚ್ಚಿಕೊಂಡೂ ಇರುವುದಿಲ್ಲ. ಆಡುತ್ತಲೇ ಇರುತ್ತಾರೆ. ನಾಲಿಗೆಯ ತುರಿಕೆಗೆ ಆಡುತ್ತಾರೆ, ಆಡಿದ್ದು ಎಲ್ಲಿಗೆ ಹೋಯಿತು ಎಂದು ತಿರುಗಿಯೂ ನೋಡುವುದಿಲ್ಲ.

ಮಾನಪ್ಪನವರ ಕೆಲಸದ ಚಪ್ಪರದೊಳಗೆ ಕಾಲಿಟ್ಟಾಗ ಅವರು ನನಗೆ ನಮಸ್ಕಾರವನ್ನೂ ಹೇಳದೆ ತೋಳು ಹಿಡಿದು ಒಂದು ಕುರ್ಚಿಯಲ್ಲಿ ಕೂರಿಸಿದರು. ಅಂಥ ಕುರ್ಚಿಯನ್ನು ನಾನು ನೋಡಿರಲಿಲ್ಲ. ಬೆನ್ನು ತಲೆಗಿಂತ ಎತ್ತರ. ಬೆನ್ನಿನ ಎರಡೂ ಅಂಚಿನಿಂದ ಮುಂದಕ್ಕೆ ಬಾಗಿದ, ಗಾದಿ ಹೊದಿಸಿದ ಎರಡು ಹಲಗೆಗಳು. ಕೋಳಿ ಮರಿಗಳ ಮೇಲೆ ರೆಕ್ಕೆ ಇಳಿಬಿಟ್ಟ ಹಾಗೆ. ತಲೆ ಹಿಂದಕ್ಕೆ ಒರಗಿಸುತ್ತಲೂ ಹೊರಗಿನ ಸದ್ದೆಲ್ಲ ಬಾಗಿಲಲ್ಲೇ ಚಪ್ಪಲಿ ಬಿಟ್ಟಂತೆ ಹಿಂದೆ ಉಳಿಯಿತು. ಅವರು ಒಂದು ಮುಕ್ಕಾಲಿ ಎಳೆದುಕೊಂಡು, ಬಾಗಿ, ತಮ್ಮ ಮುಖವನ್ನು ಆ ಎರಡು ರೆಕ್ಕೆಗಳ ನಡುವೆ ತಂದರು.

"ಈಗ ಕೇಳ್ತೈತೇನು?" ಎಂದರು.

ಆ ಊರಿನಲ್ಲಿ ನಾನು ಕೇಳಿದ ಮೊದಲ ನೆಟ್ಟಗಿನ ಮಾತು ಅದು. ಕಣ್ಣಲ್ಲಿ ನೀರು ಬಂತು. ಅವರು ಅದನ್ನು ನೋಡಿಯೂ ನೋಡದವರಂತೆ ಊಟದ ವಿಷಯ ವಿಚಾರಿಸಿದರು.

ಆ ಕುರ್ಚಿಯ ಕಥೆಯನ್ನು ಅವರು ಬಿಡಿಬಿಡಿಯಾಗಿ, ಕೆಲಸದ ನಡುವೆ ನನ್ನನ್ನು ಅದರೊಳಗೆ ಕೂರಿಸಿ ಕೂರಿಸಿ ಹೇಳಿದರು. ಅದು ಈ ನೆಲದ ಕುರ್ಚಿಯಲ್ಲ. ಬಹಳ ಹಿಂದೆ, ಹಿಮ ಬೀಳುವ ದೇಶದಲ್ಲಿ, ಮನೆಯೊಳಗೆ ಬೆಂಕಿ ಹಾಕಿಕೊಂಡು ಕೂರುವ ಜನ ಮಾಡಿಕೊಂಡದ್ದು. ಬೆಂಕಿ ಎದುರಿಗೆ, ಸುಳಿಗಾಳಿ ಹಿಂದಿನಿಂದ. ಮುಖ ಬೇಯುತ್ತದೆ, ಬೆನ್ನು ಕೊರೆಯುತ್ತದೆ. ಅದಕ್ಕೆ ಯಾರೋ ಪುಣ್ಯಾತ್ಮ ಕುರ್ಚಿಗೆ ಕಿವಿ ಬೆಳೆಸಿದ. ಮೊದಲು ಮುದುಕರಿಗೆ, ಕಾಯಿಲೆಯವರಿಗೆ, ಕೂತಲ್ಲೇ ನಿದ್ದೆ ಹೋಗುವವರಿಗೆ ಅದು ಬೇಕಾಯಿತು. ಆಮೇಲೆ ದೊಡ್ಡ ಮನೆಯವರು ಮಖಮಲ್ಲು ಹೊದಿಸಿದರು. ಇಲ್ಲಿಗೆ ಅದನ್ನು ತಂದವನು ನೆಲ ಅಳೆಯಲು ಬಂದಿದ್ದ ಒಬ್ಬ ಟೋಪಿಯ ಸಾಹೇಬ. ಎತ್ತಿನ ಗಾಡಿಯಲ್ಲಿ ಬೆಂಕಿಗೂಡಿನ ಕುರ್ಚಿ ಬರುವುದನ್ನು ನೋಡಿ, ಬಿಸಿಲಿಗೆ ಬಾಯಿ ಬಿಡುತ್ತಿದ್ದ ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತಂತೆ. ಒಂದು ದಿನ ಸಾಹೇಬನಿಗೆ ಜ್ವರ ಬಂತು. ಅಡುಗೆಯ ಹೆಂಗಸು ಗಂಜಿ ಕುಡಿಸಲು ರೆಕ್ಕೆಗಳ ನಡುವೆ ಬಾಗಿದಳು. ಅವನು ತನ್ನ ತಾಯಿಯನ್ನು ಕರೆದದ್ದು ಅವಳಿಗೆ ಇಡಿಯಾಗಿ ಕೇಳಿಸಿತು. ಭಾಷೆ ತಿಳಿಯದು, ಮಾತು ತಿಳಿಯಿತು. ಅವಳು ಹೊರಗೆ ಬಂದು ಊರಿಗೆಲ್ಲ ಕೈ ಮಾಡಿದಳು.

ಅಲ್ಲಿಯವರೆಗೆ ಜನ ಏನು ಮಾಡುತ್ತಿದ್ದರು ಎಂದು ನಾನು ಕೇಳಿದೆ. ಮೊರ ಹಿಡಿಯುತ್ತಿದ್ದರು ಎಂದರು. ಒಂದು ಮೊರವನ್ನು ಎಡಗಿವಿಗೆ, ಒಂದನ್ನು ಬಲಗಿವಿಗೆ. ಹೆಣ್ಣು ಕೇಳಲು ಹೋದಾಗ, ಹೊಲದ ಬದು ತೀರ್ಮಾನ ಮಾಡುವಾಗ, ಸಾಯುವವರ ಕೊನೆಯ ಮಾತು ಕೇಳುವಾಗ. ಮೊರ ಹಿಡಿದ ಕೈ ಸೋಲುತ್ತಿತ್ತು, ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಕುರ್ಚಿ ಬಂದ ಮೇಲೆ ಮಾನಪ್ಪನವರ ಅಜ್ಜನ ಅಜ್ಜ ಅದನ್ನು ಬಿಚ್ಚಿ ನೋಡಿ, ಕುದುರೆಗೂದಲಿನ ಬದಲು ತೆಂಗಿನ ನಾರು ತುಂಬಿ, ಸಾಹೇಬನ ಮರದ ಬದಲು ಬೇವಿನ ಮರ ಹಾಕಿ ಮಾಡಿದರು. ಬೇವಿಗೆ ಗೆದ್ದಲು ಬರುವುದಿಲ್ಲ. ರೆಕ್ಕೆಯನ್ನು ಸಾಹೇಬನದಕ್ಕಿಂತ ನಾಲ್ಕು ಬೆರಳು ಮುಂದಕ್ಕೆ ತಂದರು, ಮೂಗಿನ ತುದಿ ದಾಟುವಂತೆ. ಇಂದಿಗೂ ಹಾಗೇ ಇದೆ. ಶಾಲೆಯಲ್ಲಿ ಮಾಸ್ತರರಿಗೊಂದು ಕುರ್ಚಿ, ವೈದ್ಯರಲ್ಲಿ ರೋಗಿಗೊಂದು, ಚಾವಡಿಯಲ್ಲಿ ಸಾಕ್ಷಿಗೊಂದು. ಇದ್ದವರ ಮನೆಯಲ್ಲಿ ಪಡಸಾಲೆಯಲ್ಲೇ ಇರುತ್ತದೆ. ಇಲ್ಲದವರು ನೆರೆಮನೆಯವರದನ್ನು ಒಂದು ಗಳಿಗೆಗೆ ಕೇಳಿ ತರುತ್ತಾರೆ, ಮತ್ತು ಓಣಿಯವರೆಲ್ಲ ಈ ಮನೆಯಲ್ಲಿ ಏನೋ ನಡೆದಿದೆ ಎಂದು ಬಾಗಿಲಿಗೆ ಬಂದು ನಿಲ್ಲುತ್ತಾರೆ.

ಹೊರಗಿನ ವ್ಯಾಪಾರಿಗಳೂ ಬಂದು ಕುರ್ಚಿ ಕೊಂಡು ಹೋಗುತ್ತಿದ್ದರು. ಅವರ ಊರುಗಳಲ್ಲಿ ಗಾಳಿ ಮಾತಿನ ತಂಟೆಗೆ ಹೋಗುವುದಿಲ್ಲ, ಬೆಂಕಿಗೂಡೂ ಇಲ್ಲ. ಮತ್ತೆ ಅವರಿಗೇಕೆ ಬೇಕು? ನನಗಿದು ಬಗೆಹರಿಯಲಿಲ್ಲ. ಮಾನಪ್ಪನವರನ್ನು ಕೇಳಿದೆ. ಅವರು ಉಜ್ಜುಗೊರಡನ್ನು ನಿಲ್ಲಿಸದೆಯೇ ಏನೋ ಹೇಳಿದರು. ನನಗೆ ಕೇಳಿಸಿದ್ದು "ಬೆಲ್ಲಕ್ಕ ಇರುವಿ ಹತ್ತ್ಯಾವ" ಎಂದು. ಅದು ಅವರದೇ ಉತ್ತರವೋ, ಯಾರದೋ ಅಡುಗೆಮನೆಯ ಮಾತೋ ಇಂದಿಗೂ ಗೊತ್ತಿಲ್ಲ. ಮರುದಿನ ಅವರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, "ಎಲ್ಲಾ ಊರಾಗೂ ಗಾಳಿ ಇರ್ತೈತಿ" ಎಂದಷ್ಟೇ ಹೇಳಿ ಎದ್ದು ಹೋದರು.

ಅವರ ಮಗಳು ಶಶಿರೇಖಾ. ಕುರ್ಚಿಯ ಮರಗೆಲಸ ನಮ್ಮದು, ಗಾದಿಯ ಕೆಲಸ ಅವಳದು. ಚಪ್ಪರದ ಮೂಲೆಯಲ್ಲಿ ಕಾಲು ಚಾಚಿ ಕೂತು, ನಾರನ್ನು ಬಿಡಿಸಿ, ಅರಳೆ ಹಾಸಿ, ಮೇಲೆ ಬಟ್ಟೆ ಎಳೆದು ದಬ್ಬಳದಿಂದ ಹೊಲಿಯುತ್ತಿದ್ದಳು. ಬಾಯಲ್ಲಿ ಸದಾ ನಾಲ್ಕಾರು ಚಿಕ್ಕ ಮೊಳೆಗಳು. ತಾಯಿ ಇರಲಿಲ್ಲ. ವರ್ಷ ತುಂಬುವುದರೊಳಗೆ ಮಾನಪ್ಪನವರು ನೆರೆಮನೆಯ ಕುರ್ಚಿ ತರಿಸಿ ನನ್ನನ್ನು ಅದರಲ್ಲಿ ಕೂರಿಸಿ, ಮಗಳನ್ನು ಕೊಡುತ್ತೇನೆ, ಇಲ್ಲೇ ಇರಬೇಕು ಎಂದರು. ಮದುವೆಯಲ್ಲಿ ಎರಡು ರೆಕ್ಕೆ ಕುರ್ಚಿಗಳನ್ನು ಎದುರುಬದುರು, ರೆಕ್ಕೆಗೆ ರೆಕ್ಕೆ ತಾಗುವಂತೆ ಇಟ್ಟಿದ್ದರು. ಒಳಗೆ ನಾವಿಬ್ಬರೇ. ಅರಿಸಿನದ ವಾಸನೆ, ಹೊಸ ಬಟ್ಟೆಯ ವಾಸನೆ. "ನನಗ ಒಪ್ಪಿಗಿ ಐತಿ" ಎಂದಳು. ನನಗೂ ಐತಿ ಎಂದೆ. ಸಂಜೆಗೆ ಕುರ್ಚಿಗಳನ್ನು ಅವುಗಳ ಮಾಲೀಕರು ಹೊತ್ತುಕೊಂಡು ಹೋದರು.

ನಮ್ಮ ಮನೆಯಲ್ಲಿ ಕುರ್ಚಿ ಇರಲಿಲ್ಲ. ಊರಿಗೆಲ್ಲ ಕುರ್ಚಿ ಮಾಡಿಕೊಡುವ ಮನೆಯಲ್ಲಿ ಚಾಪೆಗಳಿದ್ದವು, ಒಂದು ಮಂಚವಿತ್ತು. ಚಪ್ಪರದಲ್ಲಿ ಮಾಡಿಟ್ಟ ಕುರ್ಚಿ ಗಿರಾಕಿಯದು. ಅದರಲ್ಲಿ ಕೂತು ಸಂಸಾರದ ಮಾತಾಡುವುದು ಸಲ್ಲದು ಎಂಬುದು ಮಾನಪ್ಪನವರ ಕಟ್ಟಳೆ. ಕೆಲಸದ ಮಾತು ಮಾತ್ರ ಆಗಬಹುದು. ನೆರೆಮನೆಯದನ್ನು ಕೇಳಿ ತಂದರೆ ಓಣಿಯೆಲ್ಲ ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ಹೀಗಾಗಿ ಮದುವೆಯ ಆ ಒಂದು ಮಾತಿನ ಮೇಲೆ ನಮ್ಮ ಬಾಳ್ವೆ ನಡೆಯುತ್ತಿತ್ತು. ನಾನು ಅವಳ ತುಟಿಯನ್ನೇ ನೋಡುತ್ತಿದ್ದೆ, ಕಿವಿ ಚುರುಕು ಮಾಡಿಕೊಂಡು ಕೂರುತ್ತಿದ್ದೆ. ಅವಳು ರೊಟ್ಟಿ ಬಡಿಯುತ್ತ ನನ್ನ ಕಡೆ ತಿರುಗಿ ಏನೋ ಅಂದರೆ, "ಆ ಹಲ್ಕಟ್ ಕತ್ತಿ ಮತ್ತ ಬೇಲಿ ಹಾರೇತಿ" ಎಂದು ಯಾರದೋ ಕತ್ತೆಯ ಸುದ್ದಿ ಕೇಳಿಸುತ್ತಿತ್ತು. ನಾನು ನಕ್ಕರೆ ಅವಳ ಮುಖ ಬಾಡುತ್ತಿತ್ತು. ನಗದೆ ಗಂಭೀರನಾಗಿ ಕೂತರೂ ಬಾಡುತ್ತಿತ್ತು. ಏನು ಮಾಡಿದರೆ ಸರಿ ಎಂಬುದು ತಿಳಿಯದೆ ನಾನು ಸುಮ್ಮನೆ ಇನ್ನಷ್ಟು ಕಿವಿಗೊಡುತ್ತಿದ್ದೆ.

ಒಂದು ಮಧ್ಯಾಹ್ನ ಅವಳು ಹಿತ್ತಿಲಲ್ಲಿ ನಾರು ಒಣಹಾಕುತ್ತಿದ್ದಳು. ನಾನು ನೀರು ಕೇಳಲೆಂದು ಹೋಗಿ ಎದುರಿಗೆ ನಿಂತೆ. ಅವಳು ಸೊಂಟ ನೆಟ್ಟಗೆ ಮಾಡಿ, ನನ್ನ ಮುಖವನ್ನೇ ನೋಡುತ್ತ, ಸ್ಪಷ್ಟವಾಗಿ ಹೇಳಿದಳು: "ನಾ ಇನ್ನ ಈ ಮನುಷ್ಯಾನ ಜೋಡಿ ಬಾಳ್ವಿ ಮಾಡಂಗಿಲ್ಲ."

ಅಷ್ಟು ಹೇಳಿ ಮತ್ತೆ ಬಗ್ಗಿ ನಾರು ಕೊಡವತೊಡಗಿದಳು. ನಾನು ನೀರು ಕೇಳದೆ ವಾಪಸು ಬಂದೆ.

ಯಾರದು ಆ ಮಾತು? ಊರಿನಲ್ಲಿ ಅದೇ ಗಳಿಗೆಯಲ್ಲಿ ಅದೆಷ್ಟು ಹೆಂಗಸರು ಬಾಯಿ ತೆರೆದಿದ್ದರೋ. ಅವರಲ್ಲಿ ಯಾರದೂ ಆಗಿರಬಹುದು. ಅವಳದೂ ಆಗಿರಬಹುದು. ದನಿ ನೋಡಿ ಹೇಳೋಣವೆಂದರೆ ಯಾರ ಮಾತೇ ಬರಲಿ, ದನಿ ಎದುರಿಗಿದ್ದವರದೇ. ಮುಖ ನೋಡಿ ಹೇಳೋಣವೆಂದರೆ ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದಳು. ಕೇಳುವ ಹಾಗೂ ಇಲ್ಲ. ಗಾಳಿಯಲ್ಲಿ ಕೇಳಿದ್ದನ್ನು ಹಿಡಿದು ಒಬ್ಬರನ್ನು ಪ್ರಶ್ನೆ ಮಾಡುವುದು ಈ ಊರಿನಲ್ಲಿ ಎಂಜಲೆಲೆಯನ್ನು ಕೆದಕಿದಷ್ಟು ಅಸಹ್ಯ. ಅದಕ್ಕಿಂತ ಹೆಚ್ಚಾಗಿ, ಕೇಳಿದರೆ ತಾನೇ ಏನು? ನನ್ನ ಪ್ರಶ್ನೆ ಅವಳಿಗೆ ಮುಟ್ಟಬೇಕು, ಅವಳ ಉತ್ತರ ನನಗೆ ಮುಟ್ಟಬೇಕು. ಪ್ರಶ್ನೆ ಗಿರಣಿಗೆ ಹೋಗಿ ಉತ್ತರ ಸಂತೆಯಿಂದ ಬಂದರೆ ನಾನು ಯಾವುದನ್ನು ನಂಬಲಿ?

ಆಮೇಲಿನ ದಿನಗಳಲ್ಲಿ ನಾನು ಒಬ್ಬ ಹುಚ್ಚನ ಹಾಗೆ ಊರು ಸುತ್ತಿದೆ. ಯಾರ ಮನೆಯಲ್ಲಿ ಗಂಡ ಹೆಂಡತಿ ಬೆನ್ನು ತಿರುಗಿಸಿ ಕೂತಿದ್ದಾರೆ, ಯಾರ ಹೆಂಡತಿ ತವರಿಗೆ ಹೊರಟಿದ್ದಾಳೆ ಎಂದು ಹುಡುಕಿದೆ. ಒಬ್ಬಳು ಗಂಟು ಕಟ್ಟಿಕೊಂಡು ಹೊರಟಿದ್ದನ್ನು ಕಂಡು ಹಿಗ್ಗಿ ಹಿಂದೆ ಹೋದೆ. ಅವಳು ಅಕ್ಕನ ಬಾಣಂತನಕ್ಕೆ ಹೊರಟಿದ್ದಳು, ಗಂಡನೇ ಗಂಟು ಹೊತ್ತು ಬಂದ. ಪರರ ಮನೆ ಒಡೆದಿದ್ದರೆ ಸಾಕು ಎಂದು ಹಾರೈಸುವ ಮಟ್ಟಕ್ಕೆ ಇಳಿದಿದ್ದೇನೆಂದು ಆಗ ಗೊತ್ತಾಯಿತು. ಇತ್ತ ಮನೆಯಲ್ಲಿ ಶಶಿರೇಖಾ ಎಂದಿನಂತೆ ರೊಟ್ಟಿ ಬಡಿಯುತ್ತಿದ್ದಳು, ನನ್ನ ಅಂಗಿಗೆ ಗುಂಡಿ ಹಚ್ಚುತ್ತಿದ್ದಳು. ಅದನ್ನು ನೋಡಿದಾಗ ಆ ಮಾತು ಅವಳದಲ್ಲ ಎನಿಸುತ್ತಿತ್ತು. ಆಮೇಲೆ, ಹೋಗುವವಳು ಹೋಗುವ ಮುನ್ನ ಎಲ್ಲವನ್ನೂ ಒಪ್ಪ ಮಾಡಿ ಹೋಗುತ್ತಿದ್ದಾಳೆ ಎನಿಸುತ್ತಿತ್ತು.

ಹೀಗಿರುವಾಗ ನೀಲವ್ವ ಎಂಬಾಕೆ ಚಪ್ಪರಕ್ಕೆ ಬಂದರು. ಕೂದಲು ಪೂರ್ತಿ ನೆರೆತಾಕೆ, ಎಣ್ಣೆ ಗಾಣದ ಶಿವಲಿಂಗಪ್ಪನ ಹೆಂಡತಿ. ಕುರ್ಚಿ ಬೇಕು ಎಂದು ಕೈ ಮಾಡಿದರು, ರೆಕ್ಕೆ ದೊಡ್ಡದಿರಲಿ ಎಂದು ತೋಳನ್ನೇ ಚಾಚಿ ತೋರಿಸಿದರು. ಅಳತೆ ತೆಗೆದುಕೊಳ್ಳಲು ಅವರನ್ನು ಕೂರಿಸಿ ನಾನು ರೆಕ್ಕೆಗಳ ನಡುವೆ ಬಾಗಿದೆ. ಭುಜದಿಂದ ಕಿವಿ, ಕಿವಿಯಿಂದ ನೆತ್ತಿ. ಆಗ ಅವರು ತಾವಾಗಿಯೇ ಹೇಳಿದರು: ಈ ಕುರ್ಚಿ ತಮಗಲ್ಲ, ಯಜಮಾನರಿಗೆ. ಒಂದು ಮಾತಿದೆ. ಮದುವೆಯಾದಾಗಿನಿಂದ ಅದನ್ನು ಅವರಿಗೆ ಹೇಳಬೇಕೆಂದಿದ್ದಾರೆ. ಗಾಳಿಯಲ್ಲಿ ಸಾವಿರ ಸಲ ಹೇಳಿದ್ದಾರೆ, ಒಂದು ಸಲವೂ ಅವರಿಗೆ ಮುಟ್ಟಿದಂತಿಲ್ಲ. ಈ ವಯಸ್ಸಿನಲ್ಲಾದರೂ ಕುರ್ಚಿಯಲ್ಲಿ ಕೂರಿಸಿ ಹೇಳಿಬಿಡಬೇಕು.

 ಹಿತ್ತಿಲಿನ ಆ ಮಾತಿನ ಒಡತಿ ಸಿಕ್ಕಳು ಎಂದುಕೊಂಡೆ. ಮೊಳಕೋಲನ್ನು ಹಿಡಿದುಕೊಂಡೇ, ತಪ್ಪು ತಿಳಿಯಬೇಡಿ ಅವ್ವ, ಅದು ಯಾವ ಮಾತು ಎಂದು ಕೇಳಿಬಿಟ್ಟೆ. ಅವರು ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ಅರವತ್ತು ದಾಟಿದ ಮುಖ ಕೆಂಪಾಯಿತು.

"ನೀವಂದ್ರ ನನಗ ಭಾಳ ಜೀವ ಅಂತ" ಎಂದರು.

ನನ್ನ ಅಳತೆ ತಪ್ಪಿತು. ಮತ್ತೆ ಮೊದಲಿಂದ ತೆಗೆದುಕೊಳ್ಳಬೇಕಾಯಿತು. ಅವರು ಹೋದ ಮೇಲೆ ನೆನಪಾಯಿತು: ಈ ಮಾತನ್ನು ನಾನು ಸಂತೆಯಲ್ಲಿ ಒಬ್ಬ ಮೆಣಸಿನಕಾಯಿಯವನ ಬಾಯಿಂದ ಕೇಳಿದ್ದೆ, ಒಂದು ಸಲ ಶಾಲೆಯ ಜವಾನನ ಬಾಯಿಂದ, ಇನ್ನೊಂದು ಸಲ ಬಿಸಿ ರೊಟ್ಟಿ ಬಡಿಸುತ್ತಿದ್ದ ಶಶಿರೇಖಾಳ ಬಾಯಿಂದ. ಅದನ್ನು ಅವಳದೆಂದೇ ತಿಳಿದು ಎರಡು ದಿನ ಹಾಡು ಗುನುಗಿಕೊಂಡು ಓಡಾಡಿದ್ದೆ. ಈಗ ಅದು ನೀಲವ್ವನದಾದರೆ, ನನ್ನ ಪಾಲಿಗೆ ಉಳಿದದ್ದು ಯಾವುದು? ಒಳ್ಳೆಯ ಮಾತು ಬೇರೆಯವರದು, ಕೆಟ್ಟದ್ದು ಅವಳದು ಎಂದಾಗುತ್ತದೆಯೇ? 

ನೀಲವ್ವನ ಕುರ್ಚಿಯನ್ನು ನಾನೇ ಹೊತ್ತುಕೊಂಡು ಹೋಗಿ ಕೊಟ್ಟೆ. ಶಿವಲಿಂಗಪ್ಪ ಬಾಗಿಲೆತ್ತರದ ಮನುಷ್ಯ, ಎಣ್ಣೆ ಮೈ. ಅನುಮಾನದಿಂದ ಕುರ್ಚಿಯ ಸುತ್ತ ಒಂದು ಸುತ್ತು ಬಂದು, ಕೂತು, ಬೆನ್ನು ಆನಿಸಿ, ತಲೆಯನ್ನು ಬಲ ರೆಕ್ಕೆಗೆ ಒರಗಿಸಿದ. ನೀಲವ್ವ ಮುಕ್ಕಾಲಿ ಎಳೆದುಕೊಂಡು, ಸೆರಗು ಸರಿಮಾಡಿಕೊಂಡು, ಬಾಗುವಷ್ಟರಲ್ಲಿ ಅವನ ಬಾಯಿ ತೆರೆದಿತ್ತು, ಗೊರಕೆ ಹೊರಟಿತ್ತು. ಹಗಲು ಹೊತ್ತಿನಲ್ಲಿ ಆ ಮನುಷ್ಯ ಕಣ್ಣು ಮುಚ್ಚಿದ್ದನ್ನು ಯಾರೂ ನೋಡಿರಲಿಲ್ಲವಂತೆ. ನೀಲವ್ವ ನನ್ನ ಕಡೆ ಒಮ್ಮೆ ನೋಡಿ, ಹೋಗು ಎಂದು ಕೈ ಮಾಡಿದರು. ಹೊಸ್ತಿಲು ದಾಟಿ ತಿರುಗಿ ನೋಡಿದಾಗ ಅವರು ರೆಕ್ಕೆಗಳ ನಡುವೆ ತಲೆ ತೂರಿಸಿ, ಮಲಗಿದ ಗಂಡನಿಗೆ ಏನೋ ಹೇಳುತ್ತಿದ್ದರು. ಈಗಲೂ ದಿನಾ ಊಟದ ಮೇಲೆ ಆತ ಅದರಲ್ಲಿ ನಿದ್ದೆ ಮಾಡುತ್ತಾನೆ, ಈಕೆ ದಿನಾ ಹೇಳುತ್ತಾರೆ ಎಂದು ಕೇಳಿದ್ದೇನೆ. ಎದ್ದಿರುವಾಗ ಹೇಳಿದರೋ ಇಲ್ಲವೋ ಗೊತ್ತಿಲ್ಲ.

ವಾಪಸು ಬಂದವನು ಸೀದಾ ಮಾನಪ್ಪನವರ ಮುಂದೆ ನಿಂತೆ. ಅರ್ಧ ಮುಗಿದ ಒಂದು ಕುರ್ಚಿಯತ್ತ ಕೈ ತೋರಿಸಿದೆ. ಅವರು ಕೆಲಸದ ಮಾತೆಂದು ತಿಳಿದು ಕೂತರು. ನಾನು ಬಾಗಿ, ಹಿತ್ತಿಲಿನಲ್ಲಿ ಕೇಳಿದ್ದನ್ನು ಒಂದೂ ಬಿಡದೆ ಹೇಳಿದೆ. ಮಗಳ ಮೇಲೆ ದೂರು ಹೇಳಿದಂತಾಯಿತೇ ಎಂದು ನಡುವೆ ನಾಲಿಗೆ ತೊದಲಿತು. ಅವರು ಅಂಗೈಯಿಂದ ಇನ್ನೂ ಗಾದಿ ಹೊದಿಸದ ಮರವನ್ನು ಸವರಿದರು. ಸಂಸಾರದ ಮಾತು ಇಲ್ಲಿ ಆಡಬೇಡ ಎನ್ನುವರೆಂದು ನಾನು ಕಾದೆ.

"ನಮ್ಮ ಮನ್ಯಾಗ ಒಂದು ಕುರ್ಚಿ ಇತ್ತು ಅಳಿಯಂದ್ರ" ಎಂದರು. "ಶಶಿ ಸಣ್ಣಾಕಿ ಇದ್ಲು. ಆಕಿ ಅವ್ವ ಒಂದಿನ ನನ್ನ ಕುಂದರ್ಸಿ, ನಿಮ್ಮ ಜೋಡಿ ಇದ್ದೂ ನಾ ಒಬ್ಬಾಕಿನ ಇದ್ದಂಗ ಆಗ್ತೈತಿ ಅಂದ್ಲು. ಖರೇ ಮಾತು. ಕುರ್ಚ್ಯಾಗ ಸುಳ್ಳು ಬರೂದಿಲ್ಲಲ್ಲ. ನನಗ ತಡಕೊಳ್ಳಾಕ ಆಗ್ಲಿಲ್ಲ. ಮರುದಿನ ಬಂದ ಮೊದಲನೇ ಗಿರಾಕಿಗೆ ಅದನ್ನ ಕೊಟ್ಟು ಕಳಿಸಿದೆ."

ಆಮೇಲೆ ಏನಾಯಿತು ಎಂದು ಕೇಳಿದೆ.

"ಏನೂ ಆಗಲಿಲ್ಲ. ಆಕಿ ಸಾಯೂತನಾ ಏನೇನೋ ಅಂತಿದ್ಲು. ನನಗ ಒಂದೂ ಮುಟ್ಟಲಿಲ್ಲ. ಒಳ್ಳೇದ ಅಂದಿದ್ರೂ ಅಂದಿರಬೇಕು." ಅವರು ಎದ್ದು ನಿಂತರು. ಒಳಗೆ ಹೋಗಿ, ತಮಗಾಗಿ ಎತ್ತಿಟ್ಟಿದ್ದ ಒಳ್ಳೆಯ ಬೇವಿನ ಹಲಗೆಗಳನ್ನು ಒಂದೊಂದಾಗಿ ತಂದು ನನ್ನ ಕಾಲ ಹತ್ತಿರ ಒರಗಿಸಿದರು. 

ನಾನು ಕುರ್ಚಿ ಕಟ್ಟಲು ಕೂತೆ. ಯಾವ ಗಿರಾಕಿಗೂ ಮಾಡದಷ್ಟು ನಿಧಾನವಾಗಿ ಮಾಡಿದೆ. ಒಪ್ಪವಾಗಿ ಬರಲೆಂದು ಎಷ್ಟೋ, ಮುಗಿಯದಿರಲಿ ಎಂದೂ ಅಷ್ಟೇ. ಕಾಲುಗಳನ್ನು ಚೌಕಟ್ಟಿಗೆ ಕೂಡಿಸುವಾಗ ಎನಿಸುತ್ತಿತ್ತು: ಇದನ್ನು ಮುಗಿಸದಿದ್ದರೆ ಅವಳು ದಿನಾ ರೊಟ್ಟಿ ಬಡಿಯುತ್ತಾಳೆ, ನಾನು ದಿನಾ ತಿನ್ನುತ್ತೇನೆ, ಯಾವುದೂ ಖಾತ್ರಿ ಇಲ್ಲದಿದ್ದರೂ ಎಲ್ಲವೂ ನಡೆಯುತ್ತದೆ. ಮುಗಿಸಿದರೆ ಒಂದು ಮಾತಿಗೆ ಎಲ್ಲ ಮುಗಿಯಬಹುದು. ಮರಗೆಲಸ ಆದ ದಿನ ಅದನ್ನು ಎತ್ತಿ ಶಶಿರೇಖಾಳ ಮೂಲೆಯಲ್ಲಿಟ್ಟೆ. ಯಾರಿಗೆ ಎಂದು ಅವಳು ಹುಬ್ಬು ಎತ್ತಿದಳು. ನಾನು ನೆಲ ತೋರಿಸಿದೆ, ಮನೆಯ ಸೂರು ತೋರಿಸಿದೆ. ಅವಳು ಬಾಯಲ್ಲಿದ್ದ ಮೊಳೆಗಳನ್ನು ಒಂದೊಂದಾಗಿ ತೆಗೆದು ಅಂಗೈಯಲ್ಲಿಟ್ಟುಕೊಂಡಳು. ಮುಖದಲ್ಲಿದ್ದುದು ಭಯವೋ ಸಿಟ್ಟೋ ನನಗೆ ತಿಳಿಯಲಿಲ್ಲ. ಆಮೇಲೆ ಎದ್ದು ಪೆಟ್ಟಿಗೆ ತೆರೆದು, ತನ್ನ ತಾಯಿಯ ಒಂದು ಗಟ್ಟಿ ಇಳಕಲ್ ಸೀರೆ ತೆಗೆದು, ಕತ್ತರಿಯಿಂದ ನಡುವೆ ಸೀಳಿದಳು. ನಾನು ತಡೆಯಲು ಹೋಗಿ ಸುಮ್ಮನಾದೆ. ಅವಳು ಬೆನ್ನಿಗೆ ನಾರು ತುಂಬಿದಳು, ರೆಕ್ಕೆಗೆ ಅರಳೆ ಹಾಸಿದಳು, ಕೆನ್ನೆ ತಾಗುವ ಕಡೆ ಇನ್ನೊಂದು ಪದರ ಹಾಸಿದಳು. ಸೀರೆಯ ಕೆಂಪು ಸೆರಗು ರೆಕ್ಕೆಗಳ ಒಳಮೈಗೆ ಬಂತು.

ಕುರ್ಚಿಯನ್ನು ಪಡಸಾಲೆಗೆ ತಂದ ದಿನ ಮಾನಪ್ಪನವರು ಯಾವುದೋ ಮರ ನೋಡಬೇಕೆಂದು ಬೆಳಿಗ್ಗೆಯೇ ಹೊರಟುಹೋದರು. ಯಾರು ಕೂರಬೇಕು, ಯಾರು ಬಾಗಬೇಕು ಎಂದು ನಾವಿಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತೆವು. ನಾನು ಕೂರು ಎಂದು ಸನ್ನೆ ಮಾಡಿದೆ. ಅವಳು ಕೂತಳು, ಕಾಲು ಮಡಿಸಿ ಮೇಲೆ ಎಳೆದುಕೊಂಡಳು. ನಾನು ಮುಕ್ಕಾಲಿ ತಂದು, ಆ ಕೆಂಪಿನೊಳಗೆ ಮುಖ ಇಟ್ಟೆ. ಗಾಳಿ ನಿಂತಿತು. ಅವಳ ಉಸಿರು ಕೇಳಿಸಿತು. ಇಷ್ಟು ದಿನ ಜೊತೆಗಿದ್ದ ಹೆಂಡತಿಯ ಉಸಿರನ್ನು ನಾನು ಅಂದೇ ಕೇಳಿದ್ದು.

ಕೇಳಿದೆ. ನೇರವಾಗಿ, ಸುತ್ತಿ ಬಳಸದೆ. ಹಿತ್ತಿಲಿನಲ್ಲಿ ಅಂದ ಮಾತು ನಿನ್ನದೇ ಏನು ಎಂದೆ.

"ಹೌದ್ರಿ" ಎಂದಳು. "ನಾನ ಅಂದೆ. ಅದು ನಿಮಗ ಮುಟ್ಟಿತೇನು? ಗಾಳ್ಯಾಗ ಹೋತು ಅಂದ್ಕೊಂಡಿದ್ದೆ."

ಊರೆಲ್ಲ ಸುತ್ತಿ ಯಾರ ಯಾರ ಮೇಲೋ ಹೊರಿಸಲು ನೋಡಿದ ಮಾತು ಸೀದಾ, ಒಂದು ಅಕ್ಷರವೂ ಸವೆಯದೆ, ಯಾರಿಂದ ಯಾರಿಗೆ ಬರಬೇಕಿತ್ತೋ ಹಾಗೇ ಬಂದಿತ್ತು.  ಯಾಕೆ ಎಂದು ನಾನು ಕೇಳುವ ಮೊದಲೇ ಅವಳೇ ಹೇಳಿದಳು.

"ಮದುವ್ಯಾದಾಗಿಂದ ನಾ ನಿಮಗ ಎಷ್ಟು ಹೇಳೀನಿ. ಊಟಕ್ಕ ಕುಂತಾಗ ಹೇಳೀನಿ, ಕೆಲಸದಾಗ ಹೇಳೀನಿ. ನೀವು ನನ್ನ ಬಾಯಿ ಅಷ್ಟ ನೋಡ್ತೀರಿ. ಬಾಯಾಗ ಏನೈತಿ ಇಲ್ಲೆ? ಒಂದಿನನಾರ ನನ್ನ ಕೈ ನೋಡೀರೇನು?"

ನಾನು ಕೆಳಗೆ ನೋಡಿದೆ. ಅವಳ ಕೈಗಳು ಮಡಿಲಲ್ಲಿದ್ದವು. ದಬ್ಬಳ ಚುಚ್ಚಿದ ಕಲೆಗಳು, ನಾರು ಕೊಯ್ದ ಗೆರೆಗಳು. ಮಾತಾಡುತ್ತಿದ್ದಾಗಲೂ ಅವು ಅಲ್ಲಾಡುತ್ತಲೇ ಇದ್ದವು; ಬೆರಳುಗಳು ಒಂದಕ್ಕೊಂದು ಸೇರಿ, ಬಿಡಿಸಿಕೊಂಡು, ತಿರುಗಿ. ಸಂತೆಯಲ್ಲಿ ಬದನೆಕಾಯಿಗೆ ಕೈ ನೋಡುತ್ತಿದ್ದೆ, ಗಿರಾಕಿಯ ಕೈ ನೋಡುತ್ತಿದ್ದೆ. ಮನೆಯಲ್ಲಿ ಮಾತ್ರ, ಗಂಡ ಹೆಂಡತಿ ಎಂದರೆ ಬಾಯಿಬಿಟ್ಟು ಮಾತಾಡಬೇಕು ಎಂದು ನಮ್ಮೂರಿನಿಂದ ಹೊತ್ತು ತಂದ ತಿಳಿವಳಿಕೆಯನ್ನು ಹಿಡಿದುಕೊಂಡು ಕೂತಿದ್ದೆ. ರೊಟ್ಟಿ ಬಡಿಯುತ್ತ ತಿರುಗಿದಾಗ ಅವಳ ಹಿಟ್ಟಿನ ಕೈ ಗಾಳಿಯಲ್ಲಿ ಏನು ಬರೆಯುತ್ತಿತ್ತು? ನೆನಪು ಮಾಡಿಕೊಳ್ಳಲು ನೋಡಿದೆ. ನೆನಪಾದದ್ದು ಕತ್ತೆ ಬೇಲಿ ಹಾರಿದ್ದು ಮಾತ್ರ.

"ಈಗ?" ಎಂದೆ. "ಈಗ ಏನಂತಿ? ಹೋಗ್ತೀಯೇನು?"

ಅವಳು ನನ್ನ ಭುಜ ಹಿಡಿದು ಮೆಲ್ಲಗೆ ಹಿಂದಕ್ಕೆ ದೂಡಿದಳು, ನನ್ನ ಮುಖ ರೆಕ್ಕೆಗಳಿಂದ ಹೊರಗೆ ಬರುವವರೆಗೆ. ಗಾಳಿ ಮತ್ತೆ ಕಿವಿಗೆ ಬಡಿಯಿತು; ಯಾರದೋ ಮನೆಯ ಹಾಲು ಉಕ್ಕಿದ ಸುದ್ದಿ, ಯಾರದೋ ಮೊಣಕಾಲು ನೋವು. ಅವಳು ಕುರ್ಚಿಯೊಳಗಿಂದ ಎರಡೂ ಕೈ ಹೊರಗೆ ಚಾಚಿ, ಎಡಗೈ ಬೆರಳುಗಳನ್ನು ನೆಟ್ಟಗೆ ನಿಲ್ಲಿಸಿ, ಬಲಗೈಯನ್ನು ಅದರ ಮೇಲಿಂದ ಸುತ್ತಿಸಿ ತಂದು ನನ್ನ ಎದೆಯ ಹತ್ತಿರ ಅಂಗೈ ತೆರೆದು ನಿಲ್ಲಿಸಿದಳು.

ನಾನು ಆ ಅಂಗೈಯನ್ನು ನೋಡಿದೆ. ಅವಳ ತುಟಿಯ ಕಡೆ ಹೋಗುತ್ತಿದ್ದ ಕಣ್ಣನ್ನು ಹಿಡಿದು ತಂದು ಮತ್ತೆ ಅಂಗೈಯನ್ನೇ ನೋಡಿದೆ. ಹೋಗುತ್ತೇನೆ ಎಂದೋ, ಇರುತ್ತೇನೆ ಎಂದೋ, ನೀನೇ ಹೇಳು ಎಂದೋ, ಒಂದೂ ತಿಳಿಯಲಿಲ್ಲ. ತಿಳಿಯಲಿಲ್ಲ ಎಂದು ತಲೆ ಅಲ್ಲಾಡಿಸಿದೆ. ಅವಳು ಮುಕ್ಕಾಲಿಯ ಕಾಲಿಗೆ ತನ್ನ ಕಾಲು ಕೊಟ್ಟು ನನ್ನನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಅದನ್ನೇ ಮತ್ತೊಮ್ಮೆ, ಈ ಸಲ ನಿಧಾನವಾಗಿ, ಒಂದೊಂದೇ ಬೆರಳು ಬಿಡಿಸಿ ಹೇಳತೊಡಗಿದಳು.